ಗ್ರೀನ್ ಟೀ: ಬಿಡಿ ಎಲೆ ನೋಡಿ ಕೊಳ್ಳಿ

ಮಾನ್ಯ ಸಂಪಾದಕರೆ,

ಬಳ್ಳಾರಿಯ ಅಂಗಡಿಗಳಲ್ಲಿ ಈಗ ಗ್ರೀನ್ ಟೀ ಬಿಡಿಯಾಗಿಯೂ ಸಿಗುತ್ತದೆ. ಆದರೆ ‘ತೂಕ ಇಳಿಯುತ್ತದೆ’ ಎನ್ನುವುದು ಬಿಟ್ಟರೆ ಎಲೆ ಎಲ್ಲಿಯದು, ಯಾವಾಗ ಕಿತ್ತದ್ದು ಎಂದು ಹೇಳುವವರಿಲ್ಲ. ಕೊಂಡವರು ಹಾಲಿನ ಚಹಾದಂತೆ ಗಳಗಳ ಕುದಿಸಿ, ಕಹಿ ಎಂದು ಡಬ್ಬಿಯನ್ನು ಮೂಲೆಗೆ ಇಡುತ್ತಾರೆ.

ಗ್ರೀನ್ ಟೀ, ಚಹಾಪುಡಿ ಎರಡೂ ಒಂದೇ ಜಾತಿಯ ಗಿಡದವು. ಕಿತ್ತ ಎಲೆಗೆ ಬೇಗ ಶಾಖ ಕೊಟ್ಟರೆ ಅದನ್ನು ಕಂದಾಗಿಸುವ ಕಿಣ್ವ ಕೆಲಸ ನಿಲ್ಲಿಸಿ ಹಸಿರು ಉಳಿಯುತ್ತದೆ. ಚೀನಾದ ಟಾಂಗ್ ಅರಸರ ಕಾಲದಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟುತ್ತಿದ್ದರು. 8ನೇ ಶತಮಾನದಲ್ಲಿ ಚಹಾದ ಬಗ್ಗೆ ಗ್ರಂಥ ಬರೆದ ಲು ಯು ವಿವರಿಸಿರುವುದು ಈ ವಿಧಾನವನ್ನೇ. 1391ರಲ್ಲಿ ಮಿಂಗ್ ವಂಶದ ಹಾಂಗ್‌ವು ಚಕ್ರವರ್ತಿ ಕಾಣಿಕೆಯಾಗಿ ಬಿಲ್ಲೆ ಬೇಡ, ಬಿಡಿ ಎಲೆ ತನ್ನಿ ಎಂದು ಆಜ್ಞೆ ಹೊರಡಿಸಿದ. ಬಾಣಲೆಯಲ್ಲಿ ಹುರಿಯುವ ಪದ್ಧತಿ ಮಿಂಗ್ ಕಾಲದಲ್ಲೇ ವ್ಯಾಪಕವಾಯಿತು. ಹಾಂಗ್‌ಝೌ ನಗರದ ಲಾಂಗ್‌ಜಿಂಗ್ ಚಹಾ ಹೀಗೆ ಬಿಸಿ ಬಾಣಲೆಗೆ ಒತ್ತಿ ಚಪ್ಪಟೆ ಮಾಡಿದ ಎಲೆ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತ ಚಿಗುರಿಗೆ ಅಲ್ಲಿ ಬೆಲೆ ಜಾಸ್ತಿ.

ಕೊಳ್ಳುವಾಗ ಒಂದು ಎಲೆಯನ್ನು ಬೆರಳಲ್ಲಿ ಒತ್ತಿ ನೋಡಿ. ಪಟ್ಟನೆ ಮುರಿದು ಪುಡಿಯಾಗಬೇಕು. ಬಾಗಿದರೆ ತೇವ ಹಿಡಿದಿದೆ ಎಂದರ್ಥ. ಡಬ್ಬಿಯ ತಳದಲ್ಲಿ ದೂಳು ಹೆಚ್ಚಿದ್ದರೆ ಬೇಡ. ಕಂದು ತಿರುಗಿ ಹಳೆ ಹುಲ್ಲಿನ ವಾಸನೆ ಬಂದರಂತೂ ಮುಟ್ಟಬೇಡಿ. ಮಲ್ಲಿಗೆ, ನಿಂಬೆ ಪರಿಮಳ ಹಾಕಿದ್ದರಲ್ಲಿ ಎಲೆಯ ಹಳತನ ಮೂಗಿಗೆ ಗೊತ್ತಾಗದು. ಮೊದಲ ಸಲ ಬರೀ ಎಲೆಯನ್ನೇ ಕೊಳ್ಳಿ. ಸೋಸಿದ ಮೇಲೆ ಎಲೆಯನ್ನು ತಟ್ಟೆಯಲ್ಲಿ ಬಿಡಿಸಿ ನೋಡಿದರೆ ಕೊಟ್ಟ ದುಡ್ಡಿಗೆ ಏನು ಬಂದಿದೆ ಎಂದು ತಿಳಿಯುತ್ತದೆ: ಮೊಗ್ಗಿನ ಜೊತೆ ಒಂದೆರಡು ಎಳೆಯೆಲೆ ಇಡಿಯಾಗಿ ಬಿಚ್ಚಿಕೊಂಡಿರಬೇಕು, ಕಡ್ಡಿ ಚೂರುಗಳಲ್ಲ.

150 ಮಿ.ಲೀ. ನೀರಿಗೆ 2 ಗ್ರಾಂ ಎಲೆ ಸಾಕು. ಚಮಚದ ಲೆಕ್ಕ ನಂಬಬೇಡಿ. ಗುಂಡು ಸುತ್ತಿದ ‘ಗನ್‌ಪೌಡರ್’ ಬಗೆಯ ಎಲೆ ಒಂದು ಚಮಚಕ್ಕೆ ತೂಗುವಷ್ಟು ಚಪ್ಪಟೆ ಎಲೆ ತೂಗುವುದಿಲ್ಲ. ನೀರು ಕುದಿಸಿ, ಒಲೆ ಆರಿಸಿ, ಬೇರೆ ಪಾತ್ರೆಗೆ ಸುರಿದು ಮುಚ್ಚದೆ ನಾಲ್ಕೈದು ನಿಮಿಷ ಬಿಡಿ. 80 ಡಿಗ್ರಿ ಹತ್ತಿರ ಬಂದಾಗ ಎಲೆ ಹಾಕಿ 2 ನಿಮಿಷಕ್ಕೆ ಸೋಸಿ. ಕುದಿನೀರಲ್ಲಿ ಒಗರು, ಕಹಿ ಬೇಗ ಇಳಿದು ಎಲೆಯ ಸಿಹಿಯನ್ನು ಮುಚ್ಚಿಬಿಡುತ್ತವೆ. ಒಳ್ಳೆಯ ಎಲೆ ಇನ್ನೂ ಒಂದೆರಡು ಸಲ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ರುಚಿಯನ್ನು ಸಾಯಿಸಿ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ, ಶುದ್ಧೀಕರಿಸಿದ ನೀರೇ ಬಳಸಿ. ರಕ್ತಹೀನತೆ ಇರುವವರು ಊಟದ ಜೊತೆ ಕುಡಿಯಬಾರದು. ಚಹಾ ಆಹಾರದ ಕಬ್ಬಿಣಾಂಶವನ್ನು ಪೂರ್ತಿ ಮೈಗೆ ಹತ್ತಗೊಡುವುದಿಲ್ಲ.

ನಮ್ಮ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲಿಗೆ ಗ್ರೀನ್ ಟೀ ಬಹಳ ಬೇಗ ಸಪ್ಪಗಾಗುತ್ತದೆ. ಅರ್ಧ ಕಿಲೋ ಬೇಡ, 50 ಗ್ರಾಂ ಒಯ್ಯಿರಿ. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದ ಡಬ್ಬಿ ತಣುಪು ಬಿಡುವವರೆಗೆ ಮುಚ್ಚಳ ತೆರೆಯಬೇಡಿ. ತೆರೆದರೆ ಎಲೆಯ ಮೇಲೆ ನೀರು ಹನಿಗಟ್ಟುತ್ತದೆ.

ವರ್ತಕರಲ್ಲಿ ನಮ್ಮ ಕೋರಿಕೆ ಇಷ್ಟೆ: ಗಾಜಿನ ಜಾಡಿ ಬಿಟ್ಟು ತಗಡಿನ ಡಬ್ಬಿ ಬಳಸಿ, ಅದನ್ನು ಒಣಮೆಣಸಿನಕಾಯಿ, ಊದಿನಕಡ್ಡಿಗಳಿಂದ ದೂರ ಇಡಿ. ಎಲೆಯ ಊರು, ಕಿತ್ತ ತಿಂಗಳು, ವರ್ಷವನ್ನು ಡಬ್ಬಿಯ ಮೇಲೆ ಬರೆಯಿರಿ.

– ಚಹಾ ಬಳಕೆದಾರರು, ಬಳ್ಳಾರಿ