ಜೋಕಾಲಿ ತಪ್ಪು ಉತ್ತರ ಹೇಗಾಗುತ್ತೆ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನನ್ನ ಮಗಳು ಸ್ಕೂಲಿಂದ ಬಂದವಳೇ ಬ್ಯಾಗ್ ಬಿಸಾಕಿ ಮೂಲೇಲಿ ಕೂತುಬಿಟ್ಟಳು, ಏನಾಯ್ತೇ ಅಂದ್ರೆ ಮಾತಿಲ್ಲ, ಆಮೇಲೆ ಮೆಲ್ಲಗೆ ಟೆಸ್ಟ್ ಪೇಪರ್ ತೆಗೆದು ತೋರಿಸಿದಳು. ನಾಲ್ಕನೇ ಕ್ಲಾಸು. ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಥ ಬರೀರಿ ಅಂತ ಕೊಟ್ಟಿದ್ದಾರೆ, ಸ್ವಿಂಗ್ ಅನ್ನೋದಕ್ಕೆ ಇವಳು ಜೋಕಾಲಿ ಅಂತ ಬರೆದಿದ್ದಾಳೆ, ಅದರ ಮೇಲೆ ಕೆಂಪು ಇಂಕಲ್ಲಿ ಗೀಟು, ಪಕ್ಕದಲ್ಲಿ ಉಯ್ಯಾಲೆ ಅಂತ ತಿದ್ದಿದ್ದಾರೆ. ಒಂದು ಮಾರ್ಕ್ ಹೋಯ್ತು, ಹೋಗ್ಲಿ ಬಿಡಿ. ಆದ್ರೆ ಅವಳು ಕೇಳಿದ್ದು "ಅಮ್ಮಾ, ಹಂಗಾದ್ರೆ ಅಜ್ಜಿ ತಪ್ಪು ಕನ್ನಡ ಮಾತಾಡ್ತಾರಾ?" ಅಂತ. ಅದನ್ನ ಕೇಳಿ ಹೊಟ್ಟೇಲಿ ಸಂಕಟ ಆಯ್ತು. ಅದಕ್ಕೇ ಈ ಪತ್ರ.

ನಮ್ಮದು ಧಾರವಾಡ ಕಡೆ ಊರು, ಈಗ ಬೆಂಗಳೂರಲ್ಲಿದ್ದೀವಿ. ನಮ್ಮ ಕಡೆ ನಾಗರ ಪಂಚಮಿ ಅಂದ್ರೆ ಜೋಕಾಲಿ ಹಬ್ಬ. ಊರ ಮುಂದಿನ ಬೇವಿನ ಗಿಡಕ್ಕೋ ಹುಣಸೀ ಗಿಡಕ್ಕೋ (ನಮ್ಮಲ್ಲಿ ಅಷ್ಟು ದೊಡ್ಡ ಮರಕ್ಕೂ ಗಿಡ ಅಂತಾನೇ ಅನ್ನೋದು) ಹಗ್ಗ ಕಟ್ಟಿ, ಕೂರೋ ಕಡೆ ಒಂದು ಹಲಗೆ ಇಟ್ಟು, ಹಗ್ಗ ಕೈಗೆ ಉಜ್ಜದ ಹಾಗೆ ಹಳೇ ಸೀರೆ ಸುತ್ತಿರ್ತಾರೆ. ತವರಿಗೆ ಬಂದ ಹೆಣ್ಮಕ್ಕಳು ಶೇಂಗಾ ಉಂಡಿ, ಎಳ್ಳುಂಡಿ ಸೆರಗಲ್ಲಿ ಕಟ್ಟಿಕೊಂಡು ಸಾಲಾಗಿ ನಿಲ್ತಾರೆ. ಇಬ್ಬರು ಎದುರುಬದುರು ಹಲಗೆ ಮೇಲೆ ನಿಂತು, ಒಬ್ಬಳು ಮೊಣಕಾಲು ಮಡಿಸಿ ಕೆಳಗಿಳಿದಾಗ ಇನ್ನೊಬ್ಬಳು ಮೇಲೇಳೋದು, ಹೀಗೇ ಏರ್ತಾ ಏರ್ತಾ ಕೊಂಬೆ ತುದಿಯ ಎಲೆ ಬಾಯಲ್ಲಿ ಕಚ್ಚಿಕೊಂಡು ಬರೋವರೆಗೂ ಬಿಡ್ತಿರಲಿಲ್ಲ. ಕೆಳಗೆ ನಿಂತ ನಮ್ಮವ್ವ "ಜೀಕವ್ವಾ, ಇನ್ನೂ ಜೋರ್ ಜೀಕು" ಅಂತ ಕೂಗೋದು ನನಗೆ ಈಗಲೂ ಕಿವಿಯಲ್ಲಿದೆ.

ಈ ಜೀಕು ಅನ್ನೋದನ್ನ ಸ್ವಲ್ಪ ಗಮನಿಸಿ. ಯಾರೋ ಹಿಂದಿಂದ ತಳ್ಳಿದ್ರೆ ಅದು ತೂಗೋದು. ನಾವೇ ನಮ್ಮ ಮೈ ಭಾರ ಹಾಕಿ, ಕಾಲು ಚಾಚಿ ಮಡಿಸಿ, ಜೋಕಾಲಿ ಮೇಲೆ ಹೋಗೋ ಹಾಗೆ ಮಾಡಿದ್ರೆ ಅದು ಜೀಕೋದು. ಇಂಗ್ಲಿಷಲ್ಲಿ ಎರಡಕ್ಕೂ ಸ್ವಿಂಗ್ ಅಂತಾನೇ ಹೇಳಿ ಮುಗಿಸಬಹುದು, ನಮಗೆ ಎರಡು ಬೇರೆ ಕೆಲಸ, ಎರಡು ಬೇರೆ ಪದ. ಪಾರ್ಕಿನ ಜೋಕಾಲಿ ಯಾಕೆ ಪಟಪಟ ಅಂತ ಹೋಗಿ ಬರುತ್ತೆ, ಅಜ್ಜಿ ಊರಿಂದು ಯಾಕೆ ನಿಧಾನ ಅಂತ ಮಗಳು ಒಂದ್ಸಲ ಕೇಳಿದ್ದಳು, ಹಗ್ಗ ಉದ್ದ ಇದ್ದಷ್ಟೂ ಹೋಗಿ ಬರೋಕೆ ಹೆಚ್ಚು ಹೊತ್ತು ಬೇಕು, ಗಡಿಯಾರದ ಲೋಲಕಕ್ಕೂ ಇದೇ ಲೆಕ್ಕ ಅಂತ ಹೇಳಿಕೊಟ್ಟಿದ್ದೆ. ಇಷ್ಟೆಲ್ಲಾ ತಿಳ್ಕೊಂಡು, ಆಡಿ ಬಂದ ಮಗು ಅದರ ಹೆಸರು ಬರೆದ್ರೆ ಅದು ತಪ್ಪಾ?

ಉಯ್ಯಾಲೆ ಸರಿ ಅಲ್ಲ ಅಂತ ನಾನು ಖಂಡಿತ ಹೇಳ್ತಿಲ್ಲ. ಮೈಸೂರು ಸೀಮೆಯಲ್ಲಿ ಅದೇ ಮಾತು, ದೇವರನ್ನ ಕೂರಿಸಿ ತೂಗೋದಕ್ಕೂ ಉಯ್ಯಾಲೆ ಸೇವೆ ಅಂತಾರೆ, ಎಷ್ಟು ಚೆನ್ನಾಗಿದೆ. ಉತ್ತರದವರ ಜೋಕಾಲಿ, ದಕ್ಷಿಣದವರ ಉಯ್ಯಾಲೆ ಎರಡೂ ಕನ್ನಡವೇ. ಟೀಚರ್ ಮೇಲೂ ನನಗೆ ಸಿಟ್ಟಿಲ್ಲ, ಅವರ ಕೈಯಲ್ಲಿ ಇದ್ದದ್ದು ಒಂದು ಪದಕ್ಕೆ ಒಂದೇ ಅರ್ಥ ಕೊಡೋ ಗೈಡು, ಅವರು ಅದನ್ನ ನೋಡಿ ತಿದ್ದಿದ್ದಾರೆ. ತೊಂದರೆ ಇರೋದೇ ಆ ಒಂದಕ್ಕೆ ಒಂದು ಅನ್ನೋ ಲೆಕ್ಕದಲ್ಲಿ.

ಯಾಕಂದ್ರೆ ಆ ಇಂಗ್ಲಿಷ್ ಪದವೇ ಒಂದು ಕಡೆ ನಿಲ್ಲೋದಲ್ಲ. ಹಳೇ ಇಂಗ್ಲಿಷಲ್ಲಿ ಅದಕ್ಕೆ ಹೊಡಿ, ಬಡಿ, ಚಾಟಿ ಬೀಸು ಅಂತ ಅರ್ಥ ಇತ್ತು, ಆಮೇಲೆ ಬೀಸೋ ಕೈಯ ಆಟದಿಂದ ಆಚೆ ಈಚೆ ಆಡೋ ಅರ್ಥ ಬಂತು. ಈಗ ಬ್ಯಾಟ್ ಬೀಸಿದರೂ ಸ್ವಿಂಗ್, ಬಾಲ್ ಗಾಳಿಯಲ್ಲಿ ಹೊರಳಿದರೂ ಸ್ವಿಂಗ್. 1983ರ ವಿಶ್ವಕಪ್‌ನಲ್ಲಿ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ 18 ವಿಕೆಟ್ ತಗೊಂಡು ಎಲ್ಲರಿಗಿಂತ ಮುಂದಿದ್ರಲ್ಲ, ಅವರು ಸ್ವಿಂಗ್ ಬೌಲರ್. ಅಲ್ಲಿ ಉಯ್ಯಾಲೆ ಬೌಲರ್ ಅನ್ನೋಕಾಗುತ್ತಾ, ಸ್ವಿಂಗ್ ಅಂತಾನೇ ಇಟ್ಕೊಂಡಿದ್ದೀವಿ, ಸರಿಯಾಗೇ ಇದೆ. ಎಲೆಕ್ಷನ್ ಟೈಮಲ್ಲಿ ವೋಟು ಒಂದು ಪಾರ್ಟಿಯಿಂದ ಇನ್ನೊಂದಕ್ಕೆ ಹೋದರೆ ಅದೂ ಸ್ವಿಂಗ್, ಗಳಿಗೆಗೊಂದು ಮನಸ್ಸಾದ್ರೆ ಮೂಡ್ ಸ್ವಿಂಗ್. ಕೆಲಸ ಫುಲ್ ಸ್ವಿಂಗಲ್ಲಿದೆ ಅಂದ್ರೆ ಭರದಿಂದ ಸಾಗಿದೆ ಅಂತ, ಅಲ್ಲಿ ಏನೂ ತೂಗ್ತಿರಲ್ಲ. ಸ್ವೇ ಅಂತ ಇದರ ಜೊತೆಯ ಇನ್ನೊಂದು ಪದ ಇದೆ, ಅದಕ್ಕೆ ಬಳುಕೋದು ಓಲಾಡೋದು ಅನ್ನೋದರ ಜೊತೆಗೆ ಆಳ್ವಿಕೆ, ಹಿಡಿತ ಅನ್ನೋ ಅರ್ಥವೂ ಇದೆ.

ಇನ್ನು ನಮ್ಮ ಕಡೆಯಿಂದ ನೋಡಿ. ಜೋಳದ ತೆನೆ ಗಾಳಿಗೆ ತೊನೆಯುತ್ತೆ, ಬಳ್ಳಿ ಬಳುಕುತ್ತೆ, ತೇರು ಓಲಾಡ್ತಾ ಬರುತ್ತೆ, ದೋಣಿ ಹೊಯ್ದಾಡುತ್ತೆ, ದೀಪದ ಕುಡಿನೂ ಹೊಯ್ದಾಡುತ್ತೆ, ಕುಡಿದವನು ತೂರಾಡ್ತಾನೆ ಇಲ್ಲಾ ಜೋಲಿ ಹೊಡೀತಾನೆ, ಭಾರ ಜಾಸ್ತಿ ಹೇರಿದ ಲಾರಿ ಒಂದು ಕಡೆ ವಾಲುತ್ತೆ, ಕಿತ್ತ ಕೊಂಬೆ ಜೋತಾಡುತ್ತೆ. ಇವನ್ನ ಅದಲು ಬದಲು ಮಾಡಿ ನೋಡಿ, ಬಾಯಿಗೇ ಒಗ್ಗಲ್ಲ. ಕುಡುಕ ತೊನೆದ ಅಂತ ಯಾರೂ ಅನ್ನಲ್ಲ, ತೆನೆ ತೂರಾಡಿತು ಅಂದ್ರೆ ಹೊಲದಲ್ಲಿ ಇದ್ದವರು ತಿರುಗಿ ನೋಡ್ತಾರೆ. ಇದನ್ನ ಯಾವ ಗೈಡೂ ಹೇಳಿಕೊಡಲ್ಲ, ಮನೇಲಿ ಹೊಲದಲ್ಲಿ ಕೇಳಿ ಕೇಳಿ ಬರಬೇಕು.

ನನಗೆ ಬಹಳ ಇಷ್ಟ ಆಗೋದು ತೂಗು ಅನ್ನೋ ಪದ. ಅಕ್ಕಿನೂ ತೂಗ್ತೀವಿ, ತೊಟ್ಟಿಲೂ ತೂಗ್ತೀವಿ. ತಕ್ಕಡಿ ನೇತಾಡುತ್ತೆ, ತೊಟ್ಟಿಲೂ ನೇತಾಡುತ್ತೆ, ನೇತಾಡೋದಕ್ಕೆಲ್ಲ ಒಂದೇ ಮಾತು. ಅದರಿಂದಾನೇ ತೂಕ ಬಂತು, ತೂಕದ ಮಾತು ಬಂತು, ಕೂತಲ್ಲೇ ತಲೆ ಬಾಗಿ ನಿದ್ದೆ ಬಂದ್ರೆ ತೂಕಡಿಸೋದು ಅಂತೀವಿ, ತಮಿಳರಂತೂ ನಿದ್ದೆ ಮಾಡೋದಕ್ಕೇ ತೂಂಗು ಅಂತಾರೆ. ನಮ್ಮ ಮನೇಲಿ ಮಗಳನ್ನ ಮೊದಲ ಸಲ ಹಾಕಿದ್ದು ಕಲಘಟಗಿ ತೊಟ್ಟಿಲಲ್ಲಿ, ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಚಿತ್ರ, ನೆಂಟರ ಮನೆಯಿಂದ ತಂದು ಹೆಸರಿಟ್ಟ ಮೇಲೆ ವಾಪಸ್ ಕೊಟ್ಟಿದ್ದು. ಅದನ್ನ ತೂಗಿದ್ದು ಇದೇ ಅಜ್ಜಿ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹೊಳೆ ದಾಟೋಕೆ ಕಷ್ಟಪಡ್ತಿದ್ದ ಊರುಗಳಿಗೆ ಕಟ್ಟಿಕೊಟ್ಟ ಸೇತುವೆಗೂ ಜನ ತೂಗುಸೇತುವೆ ಅಂತಾನೇ ಅಂದ್ರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಸರು ಹುಡುಕೋಕೆ ಯಾರೂ ಡಿಕ್ಷನರಿ ತೆಗೀಲಿಲ್ಲ, ಕಾಲಿಟ್ಟಾಗ ಅದು ತೂಗಿತು ಅಷ್ಟೇ.

ಜರ್ಮನಿಯಿಂದ ಬಂದ ಕಿಟೆಲ್ ಅವರು 1894ರಲ್ಲಿ ಮಂಗಳೂರಲ್ಲಿ ನಿಘಂಟು ಅಚ್ಚು ಹಾಕಿಸಿದಾಗ ಕಾವ್ಯದ ಪದಗಳ ಜೊತೆ ಜನ ಆಡೋ ಮಾತು, ಗಾದೆ ಎಲ್ಲಾ ಸೇರಿಸಿದ್ರು. ದೂರದೇಶದವರಿಗೆ ಅದು ಬೇಕು ಅನ್ನಿಸಿತು. ಇಷ್ಟು ವರ್ಷ ಆದ್ಮೇಲೆ ನಾವು ಒಂದು ಮಗುವಿನ ಪೇಪರಲ್ಲಿ ಇಂಥ ಪದಕ್ಕೆ ಗೀಟು ಎಳೀತಿದ್ದೀವಿ ಅಂದ್ರೆ ನನಗೆ ನಿಜಕ್ಕೂ ನೋವಾಗುತ್ತೆ.

ನಿಮ್ಮಲ್ಲಿ ಒಂದು ಕೇಳ್ಕೋತೀನಿ. ಮಕ್ಕಳ ಪುರವಣಿಯಲ್ಲಿ ಇಂಗ್ಲಿಷ್ ಪದಕ್ಕೆ ಅರ್ಥ ಕೊಡುವಾಗ ಒಂದೇ ಪದ ಕೊಟ್ಟು ನಿಲ್ಲಿಸಬೇಡಿ, ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿ ಕಡೆ ಏನಂತಾರೆ ಅಂತ ಎರಡು ಮೂರು ಸೇರಿಸಿ, ಜೊತೆಗೆ ಒಂದೊಂದು ವಾಕ್ಯ ಇರಲಿ, ಓದುಗರನ್ನ ಕೇಳಿದ್ರೆ ನಾವೇ ಕಳಿಸ್ತೀವಿ. ಟೀಚರುಗಳೂ ನಿಮ್ಮ ಪತ್ರಿಕೆ ಓದ್ತಾರೆ, ಮಗು ಬರೆದ ಪದ ಗೈಡಲ್ಲಿ ಇಲ್ಲ ಅಂದ್ರೆ ಗೀಟು ಎಳೆಯೋ ಮುಂಚೆ "ಇದು ಎಲ್ಲಿ ಕಲಿತೆ" ಅಂತ ಒಂದು ಮಾತು ಕೇಳಲಿ.

ಮಗಳ ಪೇಪರ್ ಫೋಟೋ ತೆಗೆದು ಊರಿಗೆ ಕಳಿಸಿದ್ದೆ, ಅವ್ವ ಕೂಡಲೇ ಫೋನ್ ಮಾಡಿ "ಕೂಸಿಗೆ ಫೋನ್ ಕೊಡು" ಅಂದ್ಲು, ಇಬ್ಬರೂ ಅರ್ಧ ಗಂಟೆ ಮಾತಾಡಿದ್ರು. ಈ ಸಲ ಪಂಚಮಿಗೆ ಊರಿಗೆ ಹೋಗ್ಲೇಬೇಕು ಅಂತ ಹಟ ಹಿಡಿದಿದ್ದಾಳೆ, ಟಿಕೆಟ್ ಬುಕ್ ಮಾಡಿದ್ದೀವಿ.

ಇಂತಿ,
ಒಬ್ಬ ತಾಯಿ, ಬೆಂಗಳೂರು