ಮಂಗನ ಕಾಯಿಲೆಯ ಹೊಸ ಲಸಿಕೆಗೆ ಮುನ್ನ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆ ಕೈಗೆತ್ತಿಕೊಂಡಿವೆ. ಮಲೆನಾಡಿನವರಿಗೆ ಇದು ಸಂತೋಷದ ಸುದ್ದಿ. ಆದರೆ ಈ ಸುದ್ದಿಯ ಹಿಂದೆಯೇ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಲಸಿಕೆ ಸುರಕ್ಷಿತವೇ ಎಂಬ ಮೊದಲ ಹಂತದ ಪರೀಕ್ಷೆಯನ್ನು ಯಾವ ಊರಿನ ಆರೋಗ್ಯವಂತರ ಮೇಲಾದರೂ ನಡೆಸಬಹುದು. ಅದು ನಿಜಕ್ಕೂ ಕಾಯಿಲೆಯನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಮಾತ್ರ ಕಾಯಿಲೆ ಇರುವ ಕಡೆಯೇ. ಅಂದರೆ ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರ, ಕೊಪ್ಪದಂಥ ತಾಲ್ಲೂಕುಗಳಲ್ಲಿ. ಇಂದಲ್ಲ ನಾಳೆ ನಮ್ಮ ತೋಳುಗಳನ್ನೇ ಕೇಳಬೇಕಾಗುತ್ತದೆ. ಆ ದಿನಕ್ಕಿಂತ ಎಷ್ಟು ಮುಂಚೆ ಸರ್ಕಾರ ನಮ್ಮೊಡನೆ ಮಾತನಾಡಲಿದೆ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಹಳೆಯ ಲಸಿಕೆಯ ಕಥೆ ನಿಮಗೆ ತಿಳಿದಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ಕಾಯಿಲೆಗೆ 1990ರಿಂದ ಲಸಿಕೆ ಕೊಡಲಾಯಿತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ತೋಳು ಊದಿಕೊಂಡು ಮರುದಿನ ಕತ್ತಿ ಹಿಡಿಯಲಾಗದೆ ಕೂಲಿ ಕಳೆದುಕೊಂಡವರು ಎರಡನೇ ಡೋಸ್‌ಗೆ ಬರಲಿಲ್ಲ. ಬರಲಿಲ್ಲವೆಂದು ಅವರನ್ನು ಬೈದವರೂ ಇದ್ದರು. ಶಿವಮೊಗ್ಗ ಜಿಲ್ಲೆಯ 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ನೋಡಿದ ಸಂಶೋಧಕರು ಎರಡು ಡೋಸ್ ಪಡೆದವರಿಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9 ರಕ್ಷಣೆ ಸಿಕ್ಕಿದೆ ಎಂದರು. ಒಂದೇ ಡೋಸ್‌ನಿಂದ ಏನೂ ಪ್ರಯೋಜನವಿಲ್ಲವೆಂದೂ ಹೇಳಿದರು. ಕೊನೆಗೆ ಪರಿಣಾಮ ಸಾಲದೆಂದು 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಲಾಯಿತು. ಮೂರು ದಶಕ ತೋಳು ಕೊಟ್ಟ ಜನರಿಗೆ ಆ ಕಾರಣವನ್ನು ಊರೂರಿಗೆ ಬಂದು, ಎದುರು ಕುಳಿತು ವಿವರಿಸಬೇಕಿತ್ತು. ನಮ್ಮೂರಿಗೆ ಅಂಥವರು ಯಾರೂ ಬಂದ ನೆನಪಿಲ್ಲ. ಲಸಿಕೆ ಬರುವುದು ನಿಂತಿತು, ಅಷ್ಟೆ. 2018-19ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆಯಿಂದ ಸಾವು ಕಂಡ ಮನೆಗಳ ಮುಂದೆ ಹೋಗಿ ‘ಇದು ಹೊಸ ಲಸಿಕೆ, ಪ್ರಯೋಗಕ್ಕೆ ಸೇರಿ’ ಎಂದು ಕೇಳುವವರು ಮೊದಲು ಎದುರಿಸಬೇಕಾದ ಪ್ರಶ್ನೆ ಹೊಸದರ ಬಗ್ಗೆ ಇರುವುದಿಲ್ಲ, ಹಳೆಯದರ ಬಗ್ಗೆ ಇರುತ್ತದೆ.

ನಾನು ಕ್ಲಿನಿಕಲ್ ಟ್ರಯಲ್‌ಗಳ ವಿರೋಧಿಯಲ್ಲ. ಅವು ಬೇಕು, ಅವುಗಳಲ್ಲಿ ನಮ್ಮ ಜನ ಭಾಗವಹಿಸಬೇಕು ಎಂದೇ ವಾದಿಸುತ್ತಿದ್ದೇನೆ. ಈ ರಾಜ್ಯದ ಹೆಂಗಸರು ಜಗತ್ತಿಗೆ ಕೊಟ್ಟ ಎರಡು ಉತ್ತರಗಳನ್ನು ನೋಡಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರು ಒಂದು ಪ್ರಯೋಗದಲ್ಲಿ ಪಾಲ್ಗೊಂಡರು. ಹೆರಿಗೆ ಮಾಡಿಸಿದವರು ಎಎನ್‌ಎಂಗಳು, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರು. ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇದ್ದ, ಔಷಧವಿಲ್ಲದ ಮಾತ್ರೆ. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಿಜ್ ಇಲ್ಲದ, ವೈದ್ಯರಿಲ್ಲದ ಊರುಗಳ ತಾಯಂದಿರಿಗೆ ಆ ಮಾತ್ರೆ ಎಷ್ಟು ದೊಡ್ಡ ಆಸರೆ ಎಂಬುದನ್ನು ನಿಮ್ಮ ಇಲಾಖೆಗೆ ನಾನು ಹೇಳಬೇಕಿಲ್ಲ. ಎರಡನೆಯದು ಬೆಂಗಳೂರಿನದು. ಮೊದಲ ಬಸುರಿನ 11,000 ಹೆಂಗಸರು ಪಾಲ್ಗೊಂಡ ಪ್ರಯೋಗದಿಂದ, ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬದಲು 500 ಮಿಲಿಗ್ರಾಂ ಕೊಟ್ಟರೂ ಪ್ರೀಎಕ್ಲಾಂಪ್ಸಿಯಾ (ಬಸುರಿನಲ್ಲಿ ರಕ್ತದೊತ್ತಡ ಏರಿ ಬರುವ ಅಪಾಯದ ತೊಂದರೆ) ತಡೆಯುವಲ್ಲಿ ಕೊರತೆಯಾಗುವುದಿಲ್ಲವೆಂದು 2024ರಲ್ಲಿ ಗೊತ್ತಾಯಿತು. ದಿನಕ್ಕೆ ಮೂರು ಮಾತ್ರೆ ನುಂಗುವುದಕ್ಕೂ ಒಂದು ನುಂಗುವುದಕ್ಕೂ ಎಷ್ಟು ವ್ಯತ್ಯಾಸವೆಂದು ಬಸುರಿಯರನ್ನೇ ಕೇಳಬೇಕು.

ಇವೆರಡನ್ನೂ ನಮ್ಮ ಪಠ್ಯಪುಸ್ತಕದಲ್ಲಾಗಲಿ, ಆರೋಗ್ಯ ಕೇಂದ್ರದ ಗೋಡೆಯ ಮೇಲಾಗಲಿ ನಾನು ಕಂಡಿಲ್ಲ. ಗೋಡೆಯ ಮೇಲೆ ಇರುವುದು ಯೋಜನೆಗಳ ಹೆಸರು ಮತ್ತು ಮಂತ್ರಿಗಳ ಭಾವಚಿತ್ರ. (ಭಾವಚಿತ್ರದ ಬಗ್ಗೆ ನನಗೆ ತಕರಾರಿಲ್ಲ, ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ ಎನ್ನುತ್ತೇನೆ.)

ಜನರಿಗೆ ಭಯವಿದೆ, ನಿಜ. ಅದನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಎಷ್ಟೋ ಬಾಲಕಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರ ವರದಿಯಲ್ಲಿ ಅದನ್ನು ಕಟುವಾಗಿ ಖಂಡಿಸಿತು. ಅದೇ ಹೊತ್ತಿನಲ್ಲಿ ಸುಪ್ರೀಂ ಕೋರ್ಟ್ ಕೂಡ ದೇಶದ ಪ್ರಯೋಗಗಳ ಮೇಲೆ ಕಣ್ಣಿಟ್ಟಿತ್ತು. ಇದೆಲ್ಲದರ ಫಲವಾಗಿ ಬಂದದ್ದು ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿ, 2019. ಅದರಲ್ಲಿ ಒಳ್ಳೆಯ ಅಂಶಗಳಿವೆ. ಪ್ರಯೋಗದ ವಿವರವನ್ನು ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಓದು ಬಾರದವರ ಒಪ್ಪಿಗೆಯ ಹೊತ್ತಿನಲ್ಲಿ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೆ ಮಾಮೂಲು ಚಿಕಿತ್ಸೆ ತಪ್ಪಬಾರದು. ತೊಂದರೆಯಾದರೆ ಉಚಿತ ಚಿಕಿತ್ಸೆ, ಪ್ರಯೋಗದಿಂದಲೇ ಆದ ಹಾನಿಗೆ ಪರಿಹಾರ. ಪ್ರಯೋಗವನ್ನು ಪರಿಶೀಲಿಸಿ ಒಪ್ಪುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟು ಜನ ಸಮಿತಿ ಇರುವ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬ ಸಾಮಾನ್ಯ ನಾಗರಿಕರೂ ಇರಲೇಬೇಕು.

ಕಾಗದದ ಮೇಲೆ ಇವೆಲ್ಲ ಇವೆ. ಆದರೆ ಒಪ್ಪಿಗೆ ಪತ್ರ ಕೈಗೆ ಬರುವ ಗಳಿಗೆಯಲ್ಲಿ ಮೊದಲ ಬಾರಿ ಇವನ್ನು ಕೇಳುವವನು ಏನು ತಾನೇ ಯೋಚಿಸಿ ನಿರ್ಧರಿಸಬಲ್ಲ? ಎದುರಿಗೆ ಬಿಳಿ ಕೋಟಿನವರು, ಪಕ್ಕದಲ್ಲಿ ದಿನವೂ ಮುಖ ನೋಡಬೇಕಾದ ಆಶಾ ಕಾರ್ಯಕರ್ತೆ. ‘ನೀವು ಹೇಳಿದ ಮೇಲೆ ಸರಿ’ ಎಂದು ಹೆಬ್ಬೆಟ್ಟು ಒತ್ತುವವರು ನಮ್ಮಲ್ಲಿ ಹೆಚ್ಚು. ದೇಶದ ಪ್ರಯೋಗಗಳೆಲ್ಲ ದಾಖಲಾಗುವ ನೋಂದಣಿ ಪಟ್ಟಿ ಸಿಟಿಆರ್‌ಐ 2007ರಿಂದ ಇದೆ, 2009ರಿಂದ ನೋಂದಣಿ ಕಡ್ಡಾಯವೂ ಆಗಿದೆ. ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು, ಇಂಗ್ಲಿಷ್ ಬಂದರೆ. ಕರ್ನಾಟಕದಲ್ಲಿ ನಡೆಯುವ ಪ್ರಯೋಗಗಳನ್ನು ಜಿಲ್ಲಾವಾರು ಬೇರ್ಪಡಿಸಿ, ಸರಳ ಕನ್ನಡದಲ್ಲಿ ನಿಮ್ಮ ಇಲಾಖೆಯ ಜಾಲತಾಣದಲ್ಲಿ ಹಾಕಲು ದೆಹಲಿಯ ಅನುಮತಿ ಬೇಕೆಂದು ನನಗೆ ಅನಿಸುವುದಿಲ್ಲ. ಯಾವ ಕಾಯಿಲೆ, ಯಾವ ಔಷಧ, ಯಾವ ಆಸ್ಪತ್ರೆ, ಯಾರು ಸೇರಬಹುದು, ದೂರಿದ್ದರೆ ಯಾರಿಗೆ ಹೇಳಬೇಕು ಎಂಬಷ್ಟಿದ್ದರೆ ಸಾಕು. ಕ್ಯಾನ್ಸರ್ ರೋಗಿಯ ಮನೆಯವರು ದಾರಿಗಾಗಿ ಊರೂರು ಅಲೆಯುವಾಗ ಅವರಿಗೂ ಇದರಿಂದ ನೆರವಾದೀತು.

ಇನ್ನು ಮಂಗನ ಕಾಯಿಲೆಗೇ ಬರುತ್ತೇನೆ, ಏಕೆಂದರೆ ಇಲ್ಲಿ ವಿವರಿಸುವ ಕೆಲಸ ಹೆಚ್ಚು ಕಷ್ಟದ್ದು. ಕಾಯಿಲೆ ಎಲ್ಲರಿಗೂ ಬರುವುದಿಲ್ಲ. ಒಂದು ವರ್ಷ ಒಂದು ಊರಿನಲ್ಲಿ ಕಾಣಿಸಿಕೊಂಡರೆ ಮರುವರ್ಷ ಇನ್ನೊಂದು ಕಣಿವೆಗೆ ಹಾರುತ್ತದೆ. ಹೀಗಿರುವಾಗ ಲಸಿಕೆಯ ಗುಣ ತಿಳಿಯಬೇಕಾದರೆ ಸಾವಿರಾರು ಜನ ಸೇರಬೇಕು, ಒಂದಕ್ಕಿಂತ ಹೆಚ್ಚು ಬೇಸಿಗೆ ಕಾಯಬೇಕು. ಯಾರಿಗೆ ಲಸಿಕೆ, ಯಾರಿಗೆ ಅಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಸಂದರ್ಭ ಬರಬಹುದು. ‘ನನಗೆ ಚುಚ್ಚಿದ್ದು ನಿಜವಾದದ್ದೋ ಅಲ್ಲವೋ’ ಎಂದು ತಿಳಿಯದೆ ಕಾಡಿಗೆ ಹೋಗಬೇಕಾದವನಿಗೆ ಅದರ ಅರ್ಥವನ್ನು ಮೊದಲೇ ಹೇಳದಿದ್ದರೆ ಎರಡು ಅನಾಹುತಗಳಾಗುತ್ತವೆ. ಒಂದು, ಆಮೇಲೆ ತಿಳಿದಾಗ ಮೋಸವಾಯಿತೆಂಬ ಸಿಟ್ಟು. ಇನ್ನೊಂದು ಇನ್ನೂ ಕೆಟ್ಟದ್ದು: ಚುಚ್ಚುಮದ್ದು ಆಗಿದೆಯಲ್ಲ ಎಂಬ ಧೈರ್ಯದಲ್ಲಿ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳದೆ ದರಗು (ಒಣ ಎಲೆ) ಗುಡಿಸಲು ಹೋಗುವುದು. ಉಣುಗು ಯಾರ ಒಪ್ಪಿಗೆ ಪತ್ರವನ್ನೂ ಓದುವುದಿಲ್ಲ.

ಹೊತ್ತಿನ ಮಾತೂ ಇದೆ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ ತನಕ. ಲಸಿಕೆಯ ಡೋಸ್‌ಗಳು ಅದಕ್ಕೆ ಮುಂಚೆ ಮುಗಿಯಬೇಕಾದರೆ ಜನರೊಂದಿಗಿನ ಮಾತು ಮಳೆಗಾಲದಲ್ಲೇ ಆಗಬೇಕು. ಅಡಿಕೆ ಕೊಯ್ಲು ಶುರುವಾದ ಮೇಲೆ ಸಭೆ ಕರೆದರೆ ಯಾರೂ ಬರುವುದಿಲ್ಲ, ಬರಲಿಲ್ಲವೆಂದು ವರದಿಯಲ್ಲಿ ‘ಜನರ ನಿರಾಸಕ್ತಿ’ ಎಂದು ಬರೆಯುತ್ತಾರೆ. ಸಭೆಗೆ ಬರುವವರು ಯಾರು ಎಂಬುದನ್ನೂ ಗಮನಿಸಿ. ಗ್ರಾಮಸಭೆಯಲ್ಲಿ ಮುಂದೆ ಕೂರುವವರು ನಮ್ಮಂಥ ತೋಟದವರು. ಕಾಡಿನಲ್ಲಿ ಸೊಪ್ಪು, ದರಗು, ಸೌದೆ ತರುವವರು ಕೂಲಿಯ ಹೆಂಗಸರು, ದನ ಮೇಯಿಸುವವರು, ಅರಣ್ಯ ಇಲಾಖೆಯ ದಿನಗೂಲಿಗಳು. ಅವರ ಕೇರಿಗೆ ಸಂಜೆ ಹೋಗಿ ಮಾತನಾಡಬೇಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯ ಆ ‘ಸಾಮಾನ್ಯ ನಾಗರಿಕ’ ಸ್ಥಾನದಲ್ಲಿ ನಗರದ ನಿವೃತ್ತ ಪ್ರಾಧ್ಯಾಪಕರ ಬದಲು ಅಂಥ ಒಬ್ಬ ಹೆಂಗಸು ಕುಳಿತರೆ ಅವಳು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ‘ಗುರಿ’ಗೆ. ನಮ್ಮ ವ್ಯವಸ್ಥೆಯಲ್ಲಿ ಎಲ್ಲವೂ ಗುರಿಯಾಗುತ್ತದೆ: ಇಷ್ಟು ಶಸ್ತ್ರಚಿಕಿತ್ಸೆ, ಇಷ್ಟು ಕಾರ್ಡ್, ಇಷ್ಟು ಡೋಸ್. ಪ್ರಯೋಗಕ್ಕೆ ಜನ ಸೇರಿಸುವುದನ್ನೂ ಆಶಾ ಕಾರ್ಯಕರ್ತೆಯರ ಮಾಸಿಕ ಗುರಿಪಟ್ಟಿಗೆ ಸೇರಿಸಿದ ದಿನ ಒಪ್ಪಿಗೆ ಎನ್ನುವುದು ಮುಗಿಯಿತು. ಅವರು ಮಾಹಿತಿ ಕೊಡಲಿ, ಅದಕ್ಕೆ ತಕ್ಕ ಭತ್ಯೆಯೂ ಸಿಗಲಿ, ತಲೆಯೆಣಿಕೆ ಬೇಡ. ಬೇಡ ಎಂದವರ ಮನೆಗೆ ಎರಡನೇ ಸಲ ಹೋಗುವಂತೆ ಮೇಲಿನಿಂದ ಫೋನ್ ಬರಬಾರದು. ಇದನ್ನು ನೀವು ಲಿಖಿತ ಸುತ್ತೋಲೆಯಲ್ಲಿ ಹೇಳಬೇಕು. ಬಾಯಿಮಾತಿನ ಭರವಸೆ ಮೂರನೇ ಮೇಜು ದಾಟುವಷ್ಟರಲ್ಲಿ ‘ಜನ ಸೇರಿಸಿ’ ಎಂಬ ಆದೇಶವಾಗಿರುತ್ತದೆ.

ಪ್ರಯೋಗ ಮುಗಿದ ಮೇಲೆ ಫಲಿತಾಂಶ ನಮ್ಮಲ್ಲಿಗೆ ವಾಪಸು ಬರಲಿ. ಲಸಿಕೆ ಗೆದ್ದರೂ, ಸೋತರೂ. ಸೋತರೆ ಏಕೆ ಸೋತಿತೆಂದು ಕೇಳುವ ತಾಳ್ಮೆ ಹಳ್ಳಿಯವರಿಗೆ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಡಿಕೆಯ ಕೊಳೆರೋಗಕ್ಕೆ ಪ್ರತಿ ವರ್ಷ ಬೋರ್ಡೋ ದ್ರಾವಣ ಹೊಡೆದು, ಕೆಲವು ವರ್ಷ ಕೈಸುಟ್ಟುಕೊಂಡು, ಮತ್ತೆ ಹೊಡೆಯುವ ಜನ ನಾವು.

ಮುಂದಿನ ಮಳೆಗಾಲದ ಗ್ರಾಮಸಭೆಗಳ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಲು ಆದೇಶ ಹೊರಡಿಸಿ, ಗ್ರಾಮೀಣಾಭಿವೃದ್ಧಿ ಸಚಿವರ ಜೊತೆ ಮಾತನಾಡಿ. ಮೊದಲ ಸಭೆಯನ್ನು ಅರಳಗೋಡಿನಲ್ಲೇ ಇಡಿ. ತಾವೇ ಬಂದರೆ ಒಳ್ಳೆಯದು. ಆಗದಿದ್ದರೆ ಹಳೆಯ ಲಸಿಕೆಯ ಬಗ್ಗೆ ಉತ್ತರಿಸಬಲ್ಲ ಅಧಿಕಾರಿಯೊಬ್ಬರನ್ನು ಕಳುಹಿಸಿ. ಆ ಪ್ರಶ್ನೆಗಳನ್ನು ಕೇಳಿ ಮುಗಿಸಿದ ಮೇಲೆ ಹೊಸ ಲಸಿಕೆಯ ಪ್ರಯೋಗಕ್ಕೆ ಹೆಸರು ಕೊಡುವ ವಿಚಾರವನ್ನು ನನ್ನ ಮನೆಯಲ್ಲೂ ಮಾತನಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ