ಕಿವಿಯ ಮೊರೆತವನ್ನು ಮನೋವೈದ್ಯರಿಂದ ಮುಚ್ಚಿಡಬೇಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕಿವಿಯಲ್ಲಿ ಹಗಲಿರುಳು ಗುಂಯ್‌ಗುಡುವ ಸದ್ದಿನ ವಿಷಯವನ್ನು ಇಷ್ಟು ಕಾಲ ನಿನ್ನ ಮನೋವೈದ್ಯರಿಗೆ ತಿಳಿಸಿಯೇ ಇಲ್ಲವೆಂದು ನಿನ್ನ ಪತ್ರದಲ್ಲಿ ಓದಿ ಸಂಕಟವಾಯಿತು. ಇಲ್ಲದ ಸದ್ದು ಕೇಳಿಸುತ್ತಿದೆ ಎಂದರೆ ಕಾಯಿಲೆ ಉಲ್ಬಣಿಸಿದೆಯೆಂದು ಮಾತ್ರೆ ಹೆಚ್ಚಿಸಿಬಿಡುತ್ತಾರೆ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಖಿನ್ನತೆ, ಆತಂಕ, ಸ್ಕಿಜೋಫ್ರೀನಿಯಾ, ಇವುಗಳಲ್ಲಿ ಯಾವುದಾದರೊಂದು ಹೆಸರು ಒಮ್ಮೆ ಚೀಟಿಯ ಮೇಲೆ ಬಿದ್ದರೆ, ಆಮೇಲೆ ಹೊಟ್ಟೆನೋವಿನಿಂದ ಹಿಡಿದು ಕಿವಿಮೊರೆತದವರೆಗೆ ಎಲ್ಲವನ್ನೂ ಆ ಹೆಸರಿನ ಲೆಕ್ಕಕ್ಕೇ ಬರೆದುಬಿಡುವುದುಂಟು. ಇದು ಅನ್ಯಾಯವೇ. ಆದರೆ ನೀನು ಬಾಯಿ ಮುಚ್ಚಿಕೊಂಡಿದ್ದರೆ ಆ ಅನ್ಯಾಯ ಸರಿಹೋಗುವುದಿಲ್ಲ, ಬದಲಿಗೆ ನಿನ್ನ ಕಿವಿಯ ಪರೀಕ್ಷೆ ಇನ್ನಷ್ಟು ತಡವಾಗುತ್ತದೆ.

ಟಿನಿಟಸ್, ಅಂದರೆ ಕಿವಿಯ ಈ ಮೊರೆತ, ಹುಚ್ಚಿನ ಲಕ್ಷಣವಲ್ಲ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ವಯಸ್ಸಿನಿಂದಲೋ ಅತಿಯಾದ ಸದ್ದಿನಿಂದಲೋ ಹಾಳಾದಾಗ ಮಿದುಳಿಗೆ ತಲುಪುವ ಸಂಕೇತಗಳು ಕುಗ್ಗುತ್ತವೆ. ಆ ಕೊರತೆಯನ್ನು ತುಂಬಿಕೊಳ್ಳಲು ಶ್ರವಣದ ನರಮಾರ್ಗಗಳು ತಮ್ಮ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಂಡಾಗ ಹೊರಗಿಲ್ಲದ ಸದ್ದೊಂದು ಒಳಗೆ ಕೇಳಿಸತೊಡಗುತ್ತದೆ ಎಂಬುದು ಹೆಚ್ಚಿನ ತಜ್ಞರು ನೀಡುವ ವಿವರಣೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಇದರ ಅನುಭವವಿದೆಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನಗಳ ಸಮಗ್ರ ವಿಶ್ಲೇಷಣೆಯೊಂದು ಅಂದಾಜಿಸಿದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿ ಕೇಳಿಸುತ್ತಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದಾಗ, ಅವರಲ್ಲಿ ಶೇಕಡಾ 94ರಷ್ಟು ಮಂದಿ ಒಂದಲ್ಲ ಒಂದು ಸದ್ದು ಕೇಳಿಸಿತೆಂದರು.

ಹಾಗಿದ್ದರೆ ಅದು ನಿನ್ನನ್ನೇ ಇಷ್ಟು ಹಿಂಡುವುದೇಕೆ? ಸದ್ದಿನ ಜೋರಿಗೂ ಅದು ಕೊಡುವ ಹಿಂಸೆಗೂ ನೇರವಾದ ಸಂಬಂಧವಿಲ್ಲ. ಮಿದುಳು ಒಂದು ಸದ್ದನ್ನು ಅಪಾಯವೆಂದು ಗುರುತಿಸಿಕೊಂಡರೆ ಗಮನವೆಲ್ಲ ಅತ್ತಲೇ ಹರಿಯುತ್ತದೆ, ಗಮನ ಹರಿದಷ್ಟೂ ಅದು ಎದ್ದು ಕೇಳಿಸುತ್ತದೆ. ಆತಂಕವಿರುವವರಲ್ಲಿ ಈ ಕಾವಲು ಮೊದಲೇ ಎಚ್ಚರವಾಗಿರುತ್ತದೆ, ಖಿನ್ನತೆಯಿರುವವರಿಗೆ ಸದ್ದಿನಿಂದ ಮನಸ್ಸನ್ನು ಬೇರೆಡೆಗೆ ತಿರುಗಿಸುವ ಶಕ್ತಿಯೇ ಉಳಿದಿರುವುದಿಲ್ಲ. ದೀಪ ಆರಿಸಿ ಮಲಗಿದೊಡನೆ ಹೊರಗಿನ ಸದ್ದುಗಳೆಲ್ಲ ಅಡಗಿ ಇದೊಂದೇ ಉಳಿಯುತ್ತದೆ. ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಮನಸ್ಸು ಇನ್ನಷ್ಟು ಕುಸಿಯುತ್ತದೆ, ಕುಸಿದ ಮನಸ್ಸಿಗೆ ಸದ್ದು ಇನ್ನಷ್ಟು ಅಸಹನೀಯವಾಗುತ್ತದೆ. ಈ ಸುತ್ತನ್ನು ಬಲ್ಲ ನಾನು ಹೇಳುತ್ತಿದ್ದೇನೆ, ‘ಅದೆಲ್ಲ ನಿನ್ನ ಮನಸ್ಸಿನದ್ದು’ ಎಂಬ ಮಾತಿನಷ್ಟು ನೋಯಿಸುವ ಮಾತು ಇನ್ನೊಂದಿಲ್ಲ.

ವೈದ್ಯರ ಬಳಿ ‘ನನಗೆ ಏನೋ ಕೇಳಿಸುತ್ತದೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಡ. ಅದು ಶಿಳ್ಳೆಯಂತಿದೆಯೇ, ಮೊರೆತದಂತಿದೆಯೇ, ಅದರಲ್ಲಿ ಮಾತುಗಳಿಲ್ಲವೇ, ಒಂದೇ ಕಿವಿಯಲ್ಲೋ ಎರಡರಲ್ಲೋ, ಯಾವಾಗ ಶುರುವಾಯಿತು ಎಂಬುದನ್ನು ಬಿಡಿಸಿ ಹೇಳು. ಸ್ಕಿಜೋಫ್ರೀನಿಯಾದಂಥ ಕಾಯಿಲೆಯಲ್ಲಿ ಕೇಳಿಸುವ, ಮಾತಾಡುವ ಧ್ವನಿಗಳು ಬೇರೆ, ಅರ್ಥವಿಲ್ಲದ ಈ ಸದ್ದು ಬೇರೆ. ಧ್ವನಿಗಳು ಕೇಳಿಸುವವರಿಗೂ ಕಿವಿಯ ತೊಂದರೆ ಪ್ರತ್ಯೇಕವಾಗಿ ಬರಬಹುದು, ಮತ್ತು ಅಂಥವರ ದೂರನ್ನೇ ಜನ ಎಲ್ಲಕ್ಕಿಂತ ಕಡಿಮೆ ನಂಬುತ್ತಾರೆ. ಸದ್ದು ನಾಡಿಯ ಬಡಿತದೊಂದಿಗೆ ತಾಳ ಹಾಕುತ್ತಿದ್ದರೆ, ಒಂದೇ ಕಿವಿಗೆ ಸೀಮಿತವಾಗಿದ್ದರೆ, ಜೊತೆಗೆ ತಲೆಸುತ್ತು ಇದ್ದರೆ ಬೇಗ ತೋರಿಸಬೇಕು. ಕಿವಿ ದಿಢೀರನೆ ಕೇಳಿಸದಂತಾದರಂತೂ ಅದು ತುರ್ತು ಸಂಗತಿ.

ಮಾತ್ರೆಗಳನ್ನು ನೀನಾಗಿಯೇ ನಿಲ್ಲಿಸದಂತೆ ನಿನ್ನನ್ನು ಗಟ್ಟಿಯಾಗಿ ತಡೆಯುತ್ತೇನೆ. ಖಿನ್ನತೆಗೆ ಕೊಡುವ ಬುಪ್ರೊಪಿಯಾನ್‌ನಂಥ ಕೆಲವು ಔಷಧಗಳ ಅಡ್ಡಪರಿಣಾಮಗಳಲ್ಲಿ ಕಿವಿಮೊರೆತವೂ ಇದೆ ಎಂಬುದು ನಿಜ. ಆದರೆ ಖಿನ್ನತೆಯ ಮಾತ್ರೆಗಳನ್ನಾಗಲಿ ಆತಂಕಕ್ಕೂ ನಿದ್ದೆಗೂ ಕೊಡುವ ಬೆಂಜೋಡಯಾಜೆಪೀನ್ ಗುಂಪಿನ ಮಾತ್ರೆಗಳನ್ನಾಗಲಿ ಥಟ್ಟನೆ ನಿಲ್ಲಿಸಿದರೂ ಇದೇ ಸದ್ದು ಏಳಬಹುದು, ಅದರ ಜೊತೆಗೆ ಹಳೆಯ ಕಾಯಿಲೆಯೂ ಮರುಕಳಿಸಬಹುದು. ಮಾತ್ರೆ ಬದಲಾದ ದಿನ ಮತ್ತು ಸದ್ದು ಶುರುವಾದ ದಿನ, ಇವೆರಡನ್ನೂ ಬರೆದುಕೊಂಡು ಹೋಗು. ತೀರ್ಮಾನವನ್ನು ವೈದ್ಯರೊಂದಿಗೆ ಕೂತು ಮಾಡು.

ಇಎನ್‌ಟಿ ತಜ್ಞರು ಆಡಿಯೋಮೆಟ್ರಿ ಎಂಬ ಶ್ರವಣ ಪರೀಕ್ಷೆ ಮಾಡಿಸುತ್ತಾರೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ‘ಪೀಂ’ ಎಂಬ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮೊರೆತವಿರುವವರಿಗೆ ಕೇಳಿದ್ದು ಯಂತ್ರದ ಸದ್ದೋ ಒಳಗಿನದೋ ಎಂಬ ಗೊಂದಲವಾಗಿ ಬೆರಳು ಗುಂಡಿಯ ಮೇಲೆಯೇ ತಡೆದು ನಿಲ್ಲುತ್ತದೆ. ಮುಂಚಿತವಾಗಿ ತಿಳಿಸಿದರೆ ಬಿಟ್ಟುಬಿಟ್ಟು ಬರುವ ಸದ್ದನ್ನು ಬಳಸುತ್ತಾರೆ, ಆಗ ಗುರುತಿಸುವುದು ಸುಲಭ. ಕೇಳುವ ಶಕ್ತಿ ಕುಂದಿರುವುದು ಕಂಡುಬಂದರೆ ಶ್ರವಣ ಸಾಧನವೇ ಎಷ್ಟೋ ಜನರಿಗೆ ಮೊರೆತವನ್ನು ಹಿಂದಕ್ಕೆ ಸರಿಸುತ್ತದೆ.

ಸದ್ದನ್ನೇ ಅಳಿಸಿಹಾಕುವ ಔಷಧ ಇನ್ನೂ ಇಲ್ಲ, ಇದೆಯೆಂದು ಮಾರುವವರನ್ನು ನಂಬಬೇಡ. ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಮಾತುಕತೆಯ ಮೂಲಕ ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಸದ್ದು ಕೊಡುವ ಹಿಂಸೆಯನ್ನು ತಗ್ಗಿಸುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಹೇಳಿದೆ. ಇದೇ ಚಿಕಿತ್ಸೆ ಖಿನ್ನತೆಗೂ ಆತಂಕಕ್ಕೂ ಬಳಕೆಯಲ್ಲಿರುವುದರಿಂದ ನಿನ್ನ ಮನೋವೈದ್ಯರೇ ಇದರಲ್ಲಿ ನೆರವಾಗಬಲ್ಲರು. ಅವರಿಂದ ಮುಚ್ಚಿಡಬೇಡವೆಂದು ನಾನು ಹಟ ಹಿಡಿದಿರುವುದು ಇದಕ್ಕಾಗಿಯೇ. ಮಲಗುವಾಗ ಪೂರ್ಣ ನಿಶ್ಶಬ್ದವಿರದಂತೆ ನೋಡಿಕೋ, ಫ್ಯಾನಿನ ಸದ್ದಾದರೂ ಸಾಕು.

ಈ ಸದ್ದಿನೊಂದಿಗೆ ಬದುಕುವುದೇ ಬೇಡ ಎಂದು ಯಾವ ರಾತ್ರಿಯಾದರೂ ಅನ್ನಿಸಿದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ನನಗೆ ಫೋನ್ ಮಾಡು, ಮನೆಯವರನ್ನು ಎಬ್ಬಿಸು, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗು. ಪರೀಕ್ಷೆಯ ದಿನ ಗೊತ್ತಾದ ಕೂಡಲೇ ತಿಳಿಸು, ನಾನೂ ಜೊತೆಗೆ ಬರುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ